ಒಂಬತ್ತು ಸೆಕೆಂಡಿನ ತುಣುಕು, ತೊಂಬತ್ತು ದಿನಗಳ ಶಿಕ್ಷೆ

2025ರ ಮೇ ಕೊನೆಯ ವಾರದಲ್ಲಿ ಯೂಟ್ಯೂಬರ್ ಮೋಹಕ್ ಮಂಗಲ್ ಹಾಕಿದ ಒಂದು ವಿಡಿಯೊ ದೇಶದಾದ್ಯಂತ ಚರ್ಚೆಯಾಯಿತು. ತಮ್ಮ ಎರಡು ವಿಡಿಯೊಗಳಲ್ಲಿ ಸುದ್ದಿಸಂಸ್ಥೆ ಎಎನ್‌ಐನ ದೃಶ್ಯಗಳನ್ನು ಕೆಲವೇ ಸೆಕೆಂಡುಗಳಷ್ಟು ಬಳಸಿದ್ದಕ್ಕೆ, ಒಂದರಲ್ಲಿ ಹನ್ನೊಂದು ಸೆಕೆಂಡ್, ಇನ್ನೊಂದರಲ್ಲಿ ಒಂಬತ್ತು ಸೆಕೆಂಡ್, ಸಂಸ್ಥೆಯು ಕಾಪಿರೈಟ್ ಸ್ಟ್ರೈಕ್ (ಹಕ್ಕುದಾರರ ದೂರಿನ ಮೇಲೆ ಯೂಟ್ಯೂಬ್ ಚಾನೆಲ್‌ಗೆ ಹಾಕುವ ದಂಡನೆಯ ಗುರುತು) ಹಾಕಿಸಿದೆ ಎಂದು ಅವರು ಹೇಳಿದರು. ಸ್ಟ್ರೈಕ್ ಹಿಂಪಡೆಯಲು 40 ಲಕ್ಷ ರೂಪಾಯಿಗೂ ಹೆಚ್ಚು ಮೊತ್ತದ ಪರವಾನಗಿ ಕೊಳ್ಳಬೇಕೆಂದು ಕೇಳಲಾಯಿತು ಎಂದೂ ಆರೋಪಿಸಿದರು. ತನ್ನ ದೃಶ್ಯಗಳ ಒಡೆತನ ತನ್ನದೇ, ಅದನ್ನು ಕಾಪಾಡಿಕೊಳ್ಳಲು ಕಾನೂನು ಕೊಟ್ಟ ದಾರಿಯಲ್ಲಿಯೇ ನಡೆದಿದ್ದೇನೆ ಎಂಬುದು ಎಎನ್‌ಐ ನಿಲುವು. ಅದು ದೆಹಲಿ ಹೈಕೋರ್ಟ್‌ನಲ್ಲಿ ಮಾನಹಾನಿ ಮೊಕದ್ದಮೆ ಹೂಡಿತು. ಮೇ 29ರ ವಿಚಾರಣೆಯಲ್ಲಿ ನ್ಯಾಯಾಲಯವು ವಿಡಿಯೊದ ಕೆಲವು ಪದಗಳಿಗೆ ಆಕ್ಷೇಪ ವ್ಯಕ್ತಪಡಿಸಿದಾಗ, ಆ ಭಾಗಗಳನ್ನು ತೆಗೆಯಲು ಮಂಗಲ್ ಒಪ್ಪಿಕೊಂಡರು.

ಅಂದು ನಡೆದ ವಾದ ಪದಗಳ ಬಗ್ಗೆ. ಓದುಗರನ್ನು ಗೊಂದಲಕ್ಕೆ ದೂಡಿದ ಪ್ರಶ್ನೆ ಬೇರೆಯದು. ಇನ್ನೊಬ್ಬರ ದೃಶ್ಯವನ್ನು ಒಂಬತ್ತು ಸೆಕೆಂಡ್ ಬಳಸುವುದು ಕಳ್ಳತನವೇ, ಅಥವಾ ಮಾತನಾಡುವ ಹಕ್ಕಿನ ಭಾಗವೇ? ಅದನ್ನು ತೀರ್ಮಾನಿಸಬೇಕಾದವರು ಯಾರು? ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯ ಎಂಬುದು ಈ ಲೇಖನದ ವಾದ.

ಕಾಯಿದೆಯಲ್ಲಿ ಇರುವ ಜಾಗ

ಭಾರತದ ಕೃತಿಸ್ವಾಮ್ಯ (ಕಾಪಿರೈಟ್) ಕಾಯಿದೆ 1957ರದು. ಲೇಖಕ, ಸಂಗೀತಗಾರ, ಛಾಯಾಗ್ರಾಹಕ, ಚಿತ್ರ ನಿರ್ಮಾಪಕ ಇವರಿಗೆಲ್ಲ ತಮ್ಮ ಕೃತಿಯನ್ನು ಯಾರು ನಕಲು ಮಾಡಬಹುದು, ಯಾರು ಪ್ರಸಾರ ಮಾಡಬಹುದು ಎಂದು ನಿರ್ಧರಿಸುವ ಹಕ್ಕನ್ನು ಅದು ಕೊಡುತ್ತದೆ. ಬರಹಗಾರರ ವಿಷಯದಲ್ಲಿ ಈ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಅದೇ ಕಾಯಿದೆಯ 52ನೇ ಸೆಕ್ಷನ್ ಮಾತ್ರ ಒಂದು ಉದ್ದನೆಯ ಪಟ್ಟಿ ಕೊಟ್ಟು, ಇವು ಯಾವುವೂ ಉಲ್ಲಂಘನೆಯಲ್ಲ ಎನ್ನುತ್ತದೆ. ಸ್ವಂತ ಅಧ್ಯಯನ ಮತ್ತು ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ, ಈ ಮೂರು ಉದ್ದೇಶಗಳಿಗೆ ಕೃತಿಯನ್ನು ನ್ಯಾಯೋಚಿತವಾಗಿ ಬಳಸಬಹುದು. ವಿಮರ್ಶೆ ಆ ಕೃತಿಯದ್ದೇ ಆಗಿರಬೇಕೆಂದಿಲ್ಲ, ಬೇರೊಂದು ಕೃತಿಯದ್ದೂ ಆಗಿರಬಹುದು. ವರದಿ ಮಾಡುವವರು ಪತ್ರಿಕೆಯ ಗುರುತಿನ ಚೀಟಿ ಹೊಂದಿರಬೇಕು ಎಂದೂ ಕಾಯಿದೆ ಹೇಳಿಲ್ಲ.

ಈ ಜಾಗವನ್ನು ಬಿಟ್ಟದ್ದು ಏಕೆ? 1996ರಲ್ಲಿ ವೈಲಿ ಈಸ್ಟರ್ನ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ನೇರವಾಗಿ ಉತ್ತರಿಸಿತು: 52ನೇ ಸೆಕ್ಷನ್‌ನ ಮೂಲ ಉದ್ದೇಶ ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕಾಪಾಡುವುದು. ಹಾಗಾಗಿ ನ್ಯಾಯೋಚಿತ ಬಳಕೆಯನ್ನು ಹಕ್ಕುದಾರರು ದಯೆಯಿಂದ ಕೊಟ್ಟ ರಿಯಾಯಿತಿ ಎಂದು ನೋಡುವುದು ತಪ್ಪು.

ಇದಕ್ಕೆ ಇನ್ನೂ ಒಂದು ಕಾರಣವಿದೆ. ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲೆ ಸರ್ಕಾರ ಯಾವ ಕಾರಣಗಳಿಗೆ ನಿರ್ಬಂಧ ಹೇರಬಹುದು ಎಂಬುದನ್ನು 19(2)ನೇ ವಿಧಿ ಎಣಿಸಿ ಹೇಳುತ್ತದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮತ್ತು ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಈ ಎಂಟರಲ್ಲಿ ಕೃತಿಸ್ವಾಮ್ಯ ಇಲ್ಲ. ಹಾಗೆಂದು ಕೃತಿಸ್ವಾಮ್ಯ ಕಾಯಿದೆಯೇ ಅಸಾಂವಿಧಾನಿಕ ಎಂದು ವಾದಿಸುವುದು ಅತಿರೇಕ. ಇನ್ನೊಬ್ಬರ ಬರಹವನ್ನು ತನ್ನದೆಂದು ಮಾರುವುದನ್ನು ಯಾರೂ ಅಭಿವ್ಯಕ್ತಿ ಎನ್ನುವುದಿಲ್ಲ. ಆದರೆ 52ನೇ ಸೆಕ್ಷನ್ ಕೆಲಸ ಮಾಡುವುದನ್ನು ನಿಲ್ಲಿಸಿದ ದಿನ ಇಡೀ ಕಾಯಿದೆಗೂ ಸಂವಿಧಾನಕ್ಕೂ ಜಗಳ ಶುರುವಾಗುತ್ತದೆ.

ಸೆಕೆಂಡುಗಳ ಲೆಕ್ಕ ಎಲ್ಲೂ ಬರೆದಿಲ್ಲ

ಹತ್ತು ಸೆಕೆಂಡಿನೊಳಗೆ ಬಳಸಿದರೆ ತೊಂದರೆಯಿಲ್ಲ ಎಂಬ ನಂಬಿಕೆ ವಿಡಿಯೊ ಮಾಡುವವರಲ್ಲಿ ವ್ಯಾಪಕವಾಗಿದೆ. ಕೆಲವರು ಮೂವತ್ತು ಸೆಕೆಂಡ್ ಎನ್ನುತ್ತಾರೆ. ಕಾಯಿದೆಯಲ್ಲಿ ಅಂತಹ ಯಾವ ಸಂಖ್ಯೆಯೂ ಇಲ್ಲ. ಈ ವಿಷಯದಲ್ಲಿ ನಮ್ಮ ನ್ಯಾಯಾಲಯಗಳು ಹೆಚ್ಚಾಗಿ ನೆನೆಯುವುದು ಕೇರಳ ಹೈಕೋರ್ಟ್ 1996ರಲ್ಲಿ ನೀಡಿದ ಸಿವಿಕ್ ಚಂದ್ರನ್ ತೀರ್ಪನ್ನು. ತೋಪ್ಪಿಲ್ ಭಾಸಿಯವರ ಹೆಸರಾಂತ ಮಲಯಾಳಂ ನಾಟಕವೊಂದರ ಪಾತ್ರಗಳನ್ನೂ ಸಂಭಾಷಣೆಗಳನ್ನೂ ಎತ್ತಿಕೊಂಡು, ಅದರ ರಾಜಕೀಯವನ್ನೇ ಪ್ರಶ್ನಿಸುವ ಪ್ರತಿನಾಟಕ ಬರೆಯಲಾಗಿತ್ತು. ಹೈಕೋರ್ಟ್ ಮೂರು ಸಂಗತಿಗಳನ್ನು ನೋಡಿತು. ತೆಗೆದುಕೊಂಡದ್ದು ಎಷ್ಟು ಮತ್ತು ಎಷ್ಟು ಮೌಲ್ಯದ್ದು? ಯಾವ ಉದ್ದೇಶಕ್ಕೆ? ಎರಡು ಕೃತಿಗಳ ನಡುವೆ ಪೈಪೋಟಿ ಉಂಟಾಗುತ್ತದೆಯೇ? ಉದ್ದೇಶ ವಿಮರ್ಶೆಯೇ ಹೊರತು ಮೂಲ ನಾಟಕದ ಪ್ರೇಕ್ಷಕರನ್ನು ಕಸಿಯುವುದಲ್ಲ ಎಂದು ಕಂಡುಕೊಂಡು ಪ್ರತಿನಾಟಕದ ಪರ ನಿಂತಿತು.

ಈ ಅಳತೆಗೋಲು ಎರಡೂ ಕಡೆ ಕೊಯ್ಯುತ್ತದೆ. ಸಾಕಷ್ಟು ತೆಗೆದುಕೊಂಡರೂ ಉದ್ದೇಶ ಸರಿಯಿದ್ದರೆ ಉಳಿಯಬಹುದು, ಸ್ವಲ್ಪವೇ ತೆಗೆದುಕೊಂಡರೂ ಸಿಕ್ಕಿಬೀಳಬಹುದು. 1985ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣದಲ್ಲಿ, ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಆತ್ಮಕಥೆ ಹೊರಬರುವ ಮೊದಲೇ ಒಂದು ಪತ್ರಿಕೆ ಅದರ ಮುನ್ನೂರು ನಾನ್ನೂರು ಪದಗಳನ್ನಷ್ಟೇ ಎತ್ತಿ ಪ್ರಕಟಿಸಿತ್ತು. ಪುಸ್ತಕದ ತಿರುಳನ್ನೇ ತೆಗೆದುಕೊಂಡಿದ್ದೀರಿ ಎಂದು ನ್ಯಾಯಾಲಯ ಪತ್ರಿಕೆಯ ವಿರುದ್ಧ ತೀರ್ಪಿತ್ತಿತು. ಅಂದರೆ ಒಂಬತ್ತು ಸೆಕೆಂಡ್ ಎಂಬುದು ತಾನಾಗಿಯೇ ರಕ್ಷಣೆಯಲ್ಲ. ಪ್ರತಿ ಪ್ರಕರಣದಲ್ಲೂ ಸಂದರ್ಭವನ್ನು ನೋಡಿ ತೂಗಬೇಕು. ತೂಗಲು ತಕ್ಕಡಿ ಬೇಕು, ಅದನ್ನು ಹಿಡಿಯಲು ಎರಡೂ ಕಡೆಗೆ ಸೇರದ ಕೈ ಬೇಕು. ಯೂಟ್ಯೂಬ್ ವ್ಯವಸ್ಥೆಯಲ್ಲಿ ಕಾಣೆಯಾಗಿರುವುದು ಆ ಕೈ.

ಏಜೆನ್ಸಿಯ ವಾದದಲ್ಲಿ ಹುರುಳಿದೆ

ಸುದ್ದಿಸಂಸ್ಥೆಗಳ ಮಾತನ್ನು ಕೇಳದೆ ಮುಂದೆ ಹೋಗುವುದು ಅನ್ಯಾಯ. ಪತ್ರಿಕೆಗೆ ಜಾಹೀರಾತಿದೆ, ಚಾನೆಲ್‌ಗೆ ಪ್ರಾಯೋಜಕರಿದ್ದಾರೆ. ಸುದ್ದಿಸಂಸ್ಥೆಗೆ ಮಾರಲು ಇರುವುದು ದೃಶ್ಯ ಮಾತ್ರ. ಪ್ರವಾಹದ ನಡುವೆ, ಗಲಭೆಯ ಬೀದಿಯಲ್ಲಿ, ಗಡಿಯ ಹಳ್ಳಿಯಲ್ಲಿ ಕ್ಯಾಮೆರಾ ಹಿಡಿದು ನಿಂತವರ ಸಂಬಳ ಆ ಮಾರಾಟದಿಂದಲೇ ಹುಟ್ಟಬೇಕು. ಲಕ್ಷಾಂತರ ವೀಕ್ಷಕರಿರುವ, ಜಾಹೀರಾತಿನಿಂದ ದುಡಿಯುವ ಯೂಟ್ಯೂಬ್ ಚಾನೆಲ್ ಅದನ್ನು ಪುಕ್ಕಟೆ ಬಳಸಿದರೆ, ಹಣ ಕೊಟ್ಟು ಚಂದಾದಾರರಾದ ಟಿ.ವಿ. ಚಾನೆಲ್ ನಾಳೆ ತಾನೇಕೆ ಕೊಡಬೇಕು ಎಂದು ಕೇಳುವುದು ಸಹಜ.

ಇನ್ನೂ ಒಂದು ಸೂಕ್ಷ್ಮವಿದೆ. ಒಂದು ದೃಶ್ಯವನ್ನು ತೋರಿಸಿ, ಇದರಲ್ಲಿ ಹೇಳಿದ್ದು ಸುಳ್ಳು ಎಂದು ಬಿಡಿಸಿ ತೋರಿಸುವುದು ವಿಮರ್ಶೆ. ಮಾತಿನ ಹಿಂದೆ ಪರದೆ ಖಾಲಿ ಕಾಣಬಾರದೆಂದು ಯಾವುದೋ ದೃಶ್ಯವನ್ನು ಓಡಿಸುವುದು ಅಲಂಕಾರ. ಯೂಟ್ಯೂಬ್‌ನಲ್ಲಿ ಈ ಎರಡನೆಯ ಬಗೆಯ ಬಳಕೆಯೂ ಧಾರಾಳವಾಗಿದೆ. ಅದಕ್ಕೆಲ್ಲ ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರು ಹೇಳಿದರೆ, ನಿಜವಾದ ವಿಮರ್ಶಕರ ವಾದವೇ ಬಲ ಕಳೆದುಕೊಳ್ಳುತ್ತದೆ.

ಇದಕ್ಕೆ ಎದುರಾಗಿ ವಿಡಿಯೊ ಮಾಡುವವರು ಹೇಳುವ ಒಂದು ಮಾತನ್ನು ಮಾತ್ರ ತಳ್ಳಿಹಾಕಲಾಗದು. ಕೃತಿಸ್ವಾಮ್ಯವು ವಿಚಾರಕ್ಕೆ ಇಲ್ಲ, ಅದನ್ನು ಹೇಳಿದ ರೂಪಕ್ಕೆ ಮಾತ್ರ ಇದೆ ಎಂಬುದು 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಟ್ಟಿಮಾಡಿದ ತತ್ವ. ಬರಹದಲ್ಲಿ ಇದು ಸರಾಗವಾಗಿ ನಡೆಯುತ್ತದೆ: ಪತ್ರಿಕೆಯಲ್ಲಿ ಬಂದ ಸಂಗತಿಯನ್ನು ನಿಮ್ಮ ಮಾತಿನಲ್ಲಿ ಬರೆದರೆ ಯಾರ ಹಕ್ಕಿಗೂ ಭಂಗವಿಲ್ಲ. ದೃಶ್ಯದಲ್ಲಿ ಹಾಗಾಗುವುದಿಲ್ಲ. ಮಂತ್ರಿಯೊಬ್ಬರು ಮೈಕಿನ ಮುಂದೆ ಹೇಳಿದ ಮಾತನ್ನು ನಾಳೆ ಅವರೇ ಅಲ್ಲಗಳೆದರೆ, ಸಾಕ್ಷಿಯಾಗಿ ಉಳಿಯುವುದು ಆ ತುಣುಕು ಒಂದೇ. ಅದನ್ನು ನಿಮ್ಮ ಮಾತಿನಲ್ಲಿ ಮತ್ತೆ ಚಿತ್ರಿಸಲು ಸಾಧ್ಯವಿಲ್ಲ. ಇಲ್ಲಿ ರೂಪವೇ ಸಂಗತಿ, ರೂಪಕ್ಕೆ ಬೀಗ ಹಾಕಿದರೆ ಸಂಗತಿಗೂ ಬೀಗ ಬೀಳುತ್ತದೆ.

ಸ್ಟ್ರೈಕ್ ಹೇಗೆ ಕೆಲಸ ಮಾಡುತ್ತದೆ

ಯೂಟ್ಯೂಬ್‌ನ ನಿಯಮ ಹುಟ್ಟಿದ್ದು ಅಮೆರಿಕದ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯಿದೆಯಿಂದ. ಬಳಕೆದಾರರು ಹಾಕಿದ್ದಕ್ಕೆ ವೇದಿಕೆ ಹೊಣೆಯಾಗಬಾರದು ಎಂದಾದರೆ, ದೂರು ಬಂದ ಕೂಡಲೇ ಅದು ವಿಷಯವನ್ನು ತೆಗೆಯಬೇಕು ಮತ್ತು ಪದೇ ಪದೇ ತಪ್ಪು ಮಾಡುವವರ ಖಾತೆಯನ್ನು ಮುಚ್ಚಬೇಕು. ಈ ಹೊಣೆಯಿಂದ ಪಾರಾಗಲು ವೇದಿಕೆ ಕಂಡುಕೊಂಡ ದಾರಿ ಹೀಗಿದೆ. ದೂರು ಬಂದರೆ ವಿಡಿಯೊ ಮರೆಯಾಗುತ್ತದೆ, ಚಾನೆಲ್‌ಗೆ ಒಂದು ಸ್ಟ್ರೈಕ್ ಬೀಳುತ್ತದೆ. ಅದರ ಆಯುಸ್ಸು 90 ದಿನ. ಆ ಅವಧಿಯಲ್ಲಿ ಮೂರು ಸ್ಟ್ರೈಕ್ ಸೇರಿದರೆ ಇಡೀ ಚಾನೆಲ್ ಅಳಿಸಿಹೋಗಬಹುದು. ಹತ್ತು ವರ್ಷದ ಕೆಲಸ, ಅದಕ್ಕೆ ಸಂಬಂಧವೇ ಇಲ್ಲದ ನೂರಾರು ವಿಡಿಯೊ, ಎಲ್ಲವೂ.

ಸ್ಟ್ರೈಕ್ ಹೋಗಲು ಇರುವ ದಾರಿಗಳು ಮೂರು. 90 ದಿನ ಕಾಯುವುದು ಒಂದು. ಎರಡನೆಯದು, ಪ್ರತಿ ನೋಟಿಸ್ ಕೊಡುವುದು, ಅಂದರೆ ದೂರು ಸರಿಯಲ್ಲ ಎಂದು ಲಿಖಿತವಾಗಿ ಉತ್ತರಿಸುವುದು. ಅದರಲ್ಲಿ ನಿಮ್ಮ ನಿಜವಾದ ಹೆಸರು, ವಿಳಾಸ ಬರೆಯಬೇಕು, ಅದು ದೂರುದಾರರ ಕೈಸೇರುತ್ತದೆ. ಆಮೇಲೆ ಅಮೆರಿಕದ ಲೆಕ್ಕದ ಹತ್ತು ಕೆಲಸದ ದಿನಗಳಲ್ಲಿ ದೂರುದಾರರು ನ್ಯಾಯಾಲಯಕ್ಕೆ ಹೋಗದಿದ್ದರೆ ವಿಡಿಯೊ ಮರಳುತ್ತದೆ. ಅವರು ಹೋದರೆ, ಮನೆಯ ಕೋಣೆಯಲ್ಲಿ ಕೂತು ವಿಡಿಯೊ ಮಾಡುವವರು ದೊಡ್ಡ ಸಂಸ್ಥೆಯೊಂದರ ವಕೀಲರನ್ನು ಎದುರಿಸಬೇಕು. ಮೂರನೆಯ ದಾರಿ, ದೂರುದಾರರೇ ದೂರನ್ನು ಹಿಂಪಡೆಯುವುದು.

ಸಮಸ್ಯೆಯ ಬೇರು ಇರುವುದು ಈ ಮೂರನೆಯದರಲ್ಲಿ. ಮೂರನೆಯ ಸ್ಟ್ರೈಕ್‌ನ ಅಂಚಿನಲ್ಲಿ ನಿಂತ ಚಾನೆಲ್‌ಗೆ ಆ ತುಣುಕಿನ ಬೆಲೆ ಮುಖ್ಯವಾಗುವುದಿಲ್ಲ, ಚಾನೆಲ್‌ನ ಬೆಲೆ ಮುಖ್ಯವಾಗುತ್ತದೆ. ಹಾಗಾಗಿ ಪರವಾನಗಿಯ ಮಾತುಕತೆ ಒಂಬತ್ತು ಸೆಕೆಂಡಿನ ದೃಶ್ಯಕ್ಕೆ ಎಷ್ಟು ಎಂಬಲ್ಲಿಂದ ಶುರುವಾಗದೆ, ಚಾನೆಲ್ ಉಳಿಸಿಕೊಳ್ಳಲು ಎಷ್ಟು ಕೊಡುತ್ತೀರಿ ಎಂಬಲ್ಲಿಗೆ ಜಾರುತ್ತದೆ. ಯಾರ ಮನಸ್ಸಿನಲ್ಲಿ ಏನಿದೆ ಎಂದು ಹುಡುಕಬೇಕಾಗಿಲ್ಲ. ದೂರುದಾರರು ಎಷ್ಟೇ ಸಜ್ಜನರಾದರೂ ಈ ಏರ್ಪಾಡು ಅವರ ಕೈಗೆ ಕೊಡುವ ಬಲ ಅಂಥದು. 52ನೇ ಸೆಕ್ಷನ್ ಈ ಬಳಕೆಗೆ ಅನ್ವಯಿಸುತ್ತದೆಯೇ ಎಂದು ಯಾರಾದರೂ ಕೇಳುವ ಮೊದಲೇ ಶಿಕ್ಷೆ ಜಾರಿಯಾಗಿರುತ್ತದೆ.

ಸುದ್ದಿಯ ವಿಷಯದಲ್ಲಿ ಕಾಲವೇ ಎಲ್ಲ. ಸುದ್ದಿ ಚಾನೆಲ್‌ಗಳನ್ನು ನಡೆಸುವ ಟಿ.ವಿ. ಟುಡೇ ಸಂಸ್ಥೆ ನ್ಯೂಸ್‌ಲಾಂಡ್ರಿ ಎಂಬ ಸುದ್ದಿ ಜಾಲತಾಣದ ವಿರುದ್ಧ ಕೃತಿಸ್ವಾಮ್ಯ ಮತ್ತು ಮಾನಹಾನಿಯ ಮೊಕದ್ದಮೆ ಹೂಡಿದ್ದು 2021ರ ಅಕ್ಟೋಬರ್‌ನಲ್ಲಿ. ಟಿ.ವಿ. ಸುದ್ದಿಯನ್ನು ವಿಮರ್ಶಿಸುವ ಕಾರ್ಯಕ್ರಮಗಳಲ್ಲಿ ಆ ಚಾನೆಲ್‌ಗಳ ತುಣುಕುಗಳನ್ನು ಬಳಸಿದ್ದೇ ಜಗಳದ ಮೂಲ. ಮಧ್ಯಂತರ ತಡೆಯಾಜ್ಞೆ ಕೊಡಲು ದೆಹಲಿ ಹೈಕೋರ್ಟ್‌ನ ಏಕಸದಸ್ಯ ಪೀಠ ನಿರಾಕರಿಸಿದ್ದು 2022ರ ಜುಲೈನಲ್ಲಿ. ಬರಿಯ ಮಧ್ಯಂತರ ಆದೇಶಕ್ಕೇ ಒಂಬತ್ತು ತಿಂಗಳು, ಅಷ್ಟರಲ್ಲಿ ಸ್ಟ್ರೈಕಿನ ಆಯುಸ್ಸು ಮೂರು ಸಲ ಮುಗಿದಿರುತ್ತದೆ.

ಬೆಂಗಳೂರಿನ ಒಂದು ಆದೇಶ

ವೇದಿಕೆಯ ಯಂತ್ರವಷ್ಟೇ ಹೀಗೆ ಅವಸರಿಸುತ್ತದೆ ಎಂದಲ್ಲ. 2022ರ ನವೆಂಬರ್‌ನಲ್ಲಿ ಭಾರತ್ ಜೋಡೊ ಯಾತ್ರೆಯ ಪ್ರಚಾರ ವಿಡಿಯೊದಲ್ಲಿ 'ಕೆಜಿಎಫ್ 2' ಚಿತ್ರದ ಹಿಂದಿ ಹಾಡನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ದೂರಿತು. ನವೆಂಬರ್ 7ರಂದು ನಗರದ ವಾಣಿಜ್ಯ ನ್ಯಾಯಾಲಯ, ಎದುರು ಪಕ್ಷದ ಮಾತು ಕೇಳುವ ಮೊದಲೇ, ಕಾಂಗ್ರೆಸ್ ಪಕ್ಷ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯುವಂತೆ ಆದೇಶಿಸಿತು. ಹಾಡಿನ ವಿಷಯದಲ್ಲಿ ಸಂಸ್ಥೆಯ ವಾದಕ್ಕೆ ಬಲವಿತ್ತು: ಪ್ರಚಾರಕ್ಕೆ ಹಾಡು ಬಳಸುವುದು ವಿಮರ್ಶೆಯೂ ಅಲ್ಲ, ವರದಿಯೂ ಅಲ್ಲ. ಆದರೆ ಒಂದು ಹಾಡಿಗಾಗಿ ದೇಶದ ದೊಡ್ಡ ವಿರೋಧ ಪಕ್ಷದ ಬಾಯಿಯನ್ನೇ ಮುಚ್ಚುವುದು ಯಾವ ಅಳತೆಯ ಪರಿಹಾರ? ಮಾರನೆಯ ದಿನವೇ ಕರ್ನಾಟಕ ಹೈಕೋರ್ಟ್‌ನ ವಿಭಾಗೀಯ ಪೀಠ ಆ ಆದೇಶವನ್ನು ಬದಿಗಿಟ್ಟು, ಹಾಡು ಇರುವ ಭಾಗಗಳನ್ನು ತೆಗೆಯಬೇಕೆಂದು ಷರತ್ತು ಹಾಕಿತು. ತಪ್ಪಾದ ಭಾಗಕ್ಕೆ ಮಾತ್ರ ಕತ್ತರಿ, ಉಳಿದ ಮಾತಿಗೆ ರಕ್ಷಣೆ. ಯೂಟ್ಯೂಬ್‌ನ ಮೂರು ಸ್ಟ್ರೈಕ್ ಪದ್ಧತಿಗೆ ಈ ವಿವೇಕವಿಲ್ಲ.

ಇದೇ ಜಗಳದಲ್ಲಿ ರಾಹುಲ್ ಗಾಂಧಿ ಸೇರಿದಂತೆ ಪಕ್ಷದ ನಾಯಕರ ಮೇಲೆ ಎಫ್‌ಐಆರ್ ಕೂಡ ದಾಖಲಾಗಿತ್ತು. ಅದನ್ನು ರದ್ದುಮಾಡಲು 2023ರ ಜೂನ್‌ನಲ್ಲಿ ಹೈಕೋರ್ಟ್ ನಿರಾಕರಿಸಿತು. ಕೃತಿಸ್ವಾಮ್ಯದ ಜಗಳದಲ್ಲಿ ಪೊಲೀಸರು ಬರುವುದು ಹೇಗೆ ಎಂದು ಅನೇಕರಿಗೆ ಅಚ್ಚರಿಯಾಗಬಹುದು. ಕಾಯಿದೆಯ 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಇದು ಸಂಜ್ಞೇಯ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದು. ನ್ಯಾಯೋಚಿತ ಬಳಕೆಯೇ ಅಲ್ಲವೇ ಎಂಬಂತಹ ಸೂಕ್ಷ್ಮ ಪ್ರಶ್ನೆಯನ್ನು ಠಾಣೆಯಲ್ಲಿ ತೀರ್ಮಾನಿಸುವುದು ನನ್ನ ದೃಷ್ಟಿಯಲ್ಲಿ ಈ ಕಾಯಿದೆಯ ಅತ್ಯಂತ ಅಪಾಯಕಾರಿ ಸಾಧ್ಯತೆ.

ಕಾರಂತರ ಬ್ಯಾಲೆ ಕಲಿಸಿದ ಪಾಠ

ಹಕ್ಕನ್ನೂ ಉಳಿಸಿ ಮಾತನ್ನೂ ಉಳಿಸುವ ಆದೇಶ ಬರೆಯಲು ಸಾಧ್ಯ ಎಂಬುದಕ್ಕೆ ನಮ್ಮ ಕರಾವಳಿಯ ಪ್ರಕರಣವೇ ಸಾಕ್ಷಿ. ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆ ರೂಪದಲ್ಲಿ ಹೊಸದಾಗಿ ಕಟ್ಟಿದ್ದರು. 1997ರಲ್ಲಿ ಅವರು ತೀರಿಕೊಂಡ ಮೇಲೆ, ಉಯಿಲಿನ ಮೂಲಕ ಹಕ್ಕು ಪಡೆದವರು, ತಮ್ಮ ಅನುಮತಿಯಿಲ್ಲದೆ 2001ರಲ್ಲಿ ದೆಹಲಿಯಲ್ಲಿ ಪ್ರದರ್ಶನ ಮಾಡಿದ್ದಕ್ಕಾಗಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ವಿರುದ್ಧ ನ್ಯಾಯಾಲಯಕ್ಕೆ ಹೋದರು. 'ಭೀಷ್ಮವಿಜಯ', 'ನಳದಮಯಂತಿ', 'ಪಂಚವಟಿ' ಸೇರಿ ಏಳು ಪ್ರಸಂಗಗಳು ವಿವಾದದಲ್ಲಿದ್ದವು. ಕೆಳಗಿನ ನ್ಯಾಯಾಲಯಗಳು ತಡೆಯಾಜ್ಞೆ ಕೊಟ್ಟವು.

2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹಕ್ಕನ್ನು ಒಪ್ಪಿತು, ಆದರೆ ತಡೆಯಾಜ್ಞೆಗೆ ಒಂದು ಸ್ಪಷ್ಟನೆ ಸೇರಿಸಿತು. 52ನೇ ಸೆಕ್ಷನ್ ಅನುಮತಿಸುವ ಬಳಕೆಗೆ ಈ ಆದೇಶ ಅಡ್ಡಿಯಲ್ಲ. ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ ಆ ಸೆಕ್ಷನ್ ಹೇಳಿದ ಮಿತಿಯೊಳಗೆ ಪ್ರದರ್ಶಿಸಬಹುದು, ಹವ್ಯಾಸಿ ಸಂಘವಾಗಿ ಟಿಕೆಟ್ ಇಲ್ಲದ ಪ್ರೇಕ್ಷಕರ ಮುಂದೆಯೂ ಪ್ರದರ್ಶಿಸಬಹುದು. ವಿನಾಯಿತಿಯನ್ನು ಆಮೇಲೆ ಯೋಚಿಸುವ ಸಂಗತಿಯಾಗಿ ಬಿಡದೆ ಆದೇಶದ ಒಡಲಿನಲ್ಲೇ ಬರೆದದ್ದು ಈ ತೀರ್ಪಿನ ಹೆಚ್ಚುಗಾರಿಕೆ.

ಮಾನಹಾನಿಗೆ ಇರುವ ಕಾವಲು ಇಲ್ಲಿಲ್ಲ

2024ರ ಮಾರ್ಚ್‌ನಲ್ಲಿ ಸುದ್ದಿಸಂಸ್ಥೆ ಬ್ಲೂಮ್‌ಬರ್ಗ್ ಮತ್ತು ಮನರಂಜನಾ ಕಂಪನಿ ಝೀ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾನಹಾನಿ ಮೊಕದ್ದಮೆಗಳಲ್ಲಿ ವಿಚಾರಣೆಗೆ ಮೊದಲೇ ಲೇಖನವನ್ನು ತೆಗೆಸುವ ಆದೇಶ ಅಪರೂಪಕ್ಕೆ ಮಾತ್ರ ಬರಬೇಕು ಎಂದು ಎಚ್ಚರಿಸಿತು. ಪತ್ರಿಕೋದ್ಯಮದ ಪಾಲಿಗೆ ಇದು ದೊಡ್ಡ ಕಾವಲು. ಆದರೆ ತನ್ನನ್ನು ಟೀಕಿಸಿದ ವಿಡಿಯೊ ಮಾಯವಾಗಬೇಕು ಎಂದು ಬಯಸುವ ಸಂಸ್ಥೆಗೆ ಈಗ ಸುಲಭದ ದಾರಿಯಿದೆ. ಆ ಟೀಕೆಯಲ್ಲಿ ತನ್ನದೇ ತುಣುಕು ಇದ್ದೇ ಇರುತ್ತದೆ, ಏಕೆಂದರೆ ತೋರಿಸದೆ ಟೀಕಿಸುವುದು ಹೇಗೆ? ಮಾನಹಾನಿ ಎಂದರೆ ನ್ಯಾಯಾಧೀಶರು ಕಠಿಣ ಪ್ರಶ್ನೆ ಕೇಳುತ್ತಾರೆ, ಕಾಪಿರೈಟ್ ಎಂದರೆ ಅರ್ಜಿ ನಮೂನೆಯೊಂದನ್ನು ತುಂಬಿದರೆ ಸಾಕು.

ಅಮೆರಿಕದಲ್ಲೇ ಇದಕ್ಕೆ ತಡೆ ಹಾಕುವ ಪ್ರಯತ್ನ ನಡೆದಿದೆ. ಹಾಡೊಂದಕ್ಕೆ ಮಗು ಕುಣಿಯುವ 29 ಸೆಕೆಂಡಿನ ಮನೆಯ ವಿಡಿಯೊವನ್ನು ಸಂಗೀತ ಕಂಪನಿಯೊಂದು ತೆಗೆಸಿದಾಗ, ದೂರು ಕೊಡುವ ಮೊದಲು ಅದು ನ್ಯಾಯೋಚಿತ ಬಳಕೆಯೇ ಎಂದು ಹಕ್ಕುದಾರರು ಯೋಚಿಸಲೇಬೇಕು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಹೇಳಿತು. ನಮ್ಮಲ್ಲಿ, ಬಳಕೆದಾರರು ಹಾಡು, ವಿಡಿಯೊ ಹಾಕುತ್ತಿದ್ದ ಮೈಸ್ಪೇಸ್ ಎಂಬ ಜಾಲತಾಣದ ಕುರಿತ 2016ರ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ, ವೇದಿಕೆಗಳ ಮೇಲೆ ಅತಿಯಾದ ಹೊಣೆ ಹೊರಿಸಿದರೆ ಅವು ಖಾಸಗಿ ಸೆನ್ಸಾರ್‌ಗಳಾಗಿಬಿಡುತ್ತವೆ ಎಂಬ ಆತಂಕವನ್ನು ದಾಖಲಿಸಿತ್ತು.

ಇದರ ಪರಿಣಾಮ ಮೊದಲು ಮುಟ್ಟುವುದು ದೊಡ್ಡ ಯೂಟ್ಯೂಬರ್‌ಗಳನ್ನಲ್ಲ, ಅವರಿಗೆ ವಕೀಲರಿದ್ದಾರೆ, ದನಿ ಎತ್ತಿದರೆ ಕೇಳುವ ಜನರಿದ್ದಾರೆ. ಜಿಲ್ಲಾ ಕೇಂದ್ರದಲ್ಲಿ ಕೂತು ಕನ್ನಡದಲ್ಲಿ ಸ್ಥಳೀಯ ರಾಜಕಾರಣವನ್ನು ವಿಶ್ಲೇಷಿಸುವ ಒಬ್ಬರೇ ನಡೆಸುವ ಚಾನೆಲ್ ಮೊದಲ ಸ್ಟ್ರೈಕ್‌ಗೇ ವಿಡಿಯೊ ಅಳಿಸಿ ಸುಮ್ಮನಾಗುತ್ತದೆ. ಆ ಮೌನ ಯಾವ ನ್ಯಾಯಾಲಯದ ಕಡತಕ್ಕೂ ಸೇರುವುದಿಲ್ಲ.

ಈಗಾಗಲೇ ಇರುವ ನಿಯಮ

ಹೊಸ ಕಾಯಿದೆ ಬೇಕು ಎಂಬ ಕೂಗು ಇಂತಹ ಸಂದರ್ಭದಲ್ಲಿ ಏಳುವುದು ಸಾಮಾನ್ಯ. ನಮ್ಮಲ್ಲಿ ಇರುವುದನ್ನೇ ಮೊದಲು ನೋಡೋಣ. 2012ರ ತಿದ್ದುಪಡಿಯ ನಂತರ ಬಂದ 2013ರ ಕೃತಿಸ್ವಾಮ್ಯ ನಿಯಮಗಳಲ್ಲಿ 75ನೇ ನಿಯಮ ಇಂತಹ ದೂರುಗಳ ಬಗ್ಗೆಯೇ ಇದೆ. ದೂರು ಕೊಡುವವರು ಕೃತಿ ತಮ್ಮದೆಂದು ತೋರಿಸಿದರೆ ಸಾಲದು, ಆ ಬಳಕೆ 52ನೇ ಸೆಕ್ಷನ್‌ನ ವಿನಾಯಿತಿಗೆ ಬರುವುದಿಲ್ಲ ಎಂಬುದಕ್ಕೂ ವಿವರ ಕೊಡಬೇಕು. 21 ದಿನಗಳೊಳಗೆ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿ ಆದೇಶ ತರುತ್ತೇವೆ ಎಂದು ಮುಚ್ಚಳಿಕೆ ಬರೆದುಕೊಡಬೇಕು. ದೂರು ಸರಿಯೆಂದು ಕಂಡರೆ ವೇದಿಕೆ 36 ಗಂಟೆಗಳಲ್ಲಿ ವಿಷಯವನ್ನು ತಡೆಯಬೇಕು. 21 ದಿನ ಕಳೆದರೂ ಆದೇಶ ಬರದಿದ್ದರೆ ಮತ್ತೆ ತೆರೆದಿಡಬಹುದು.

ಅಮೆರಿಕದ ಪದ್ಧತಿಗೂ ಇದಕ್ಕೂ ಇರುವ ಅಂತರ ಗಮನಿಸಿ. ಅಲ್ಲಿ ಸಿಕ್ಕಿಬಿದ್ದವರು ಎದ್ದುನಿಂತು ಪ್ರತಿ ನೋಟಿಸ್ ಕೊಟ್ಟರೆ ಮಾತ್ರ ದೂರುದಾರರು ನ್ಯಾಯಾಲಯದ ದಾರಿ ಹಿಡಿಯಬೇಕು. ನಮ್ಮ ನಿಯಮದಲ್ಲಿ ಆ ಭಾರ ಮೊದಲ ದಿನದಿಂದಲೇ ದೂರುದಾರರ ಹೆಗಲ ಮೇಲಿದೆ. ಇದು ವಿಡಿಯೊಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳುವ ವೇದಿಕೆಗಳಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬ ಬಗ್ಗೆ ವಾದಗಳಿವೆ, ಏಕೆಂದರೆ ನಿಯಮದ ಭಾಷೆ ತಾತ್ಕಾಲಿಕ ಸಂಗ್ರಹದ ಬಗ್ಗೆ ಹೇಳುತ್ತದೆ. ಸರ್ಕಾರ ಮಾಡಬೇಕಾದ ತಿದ್ದುಪಡಿ ಅಷ್ಟೇ: ಭಾರತದಲ್ಲಿರುವ ಹಕ್ಕುದಾರರು ಭಾರತದಲ್ಲಿರುವ ವಿಡಿಯೊದ ಮೇಲೆ ಕೊಡುವ ದೂರಿಗೆ ಈ ನಿಯಮವೇ ಅನ್ವಯ, ಆದೇಶ ಬರುವವರೆಗೆ ಅಂತಹ ದೂರನ್ನು ಸ್ಟ್ರೈಕ್ ಎಂದು ಎಣಿಸಬಾರದು ಎಂದು ಬರೆಯುವುದು.

ಅದರ ಜೊತೆಗೆ 60ನೇ ಸೆಕ್ಷನ್ ಇದೆ. ಆಧಾರವಿಲ್ಲದೆ ಉಲ್ಲಂಘನೆಯ ಬೆದರಿಕೆ ಹಾಕಿದವರ ವಿರುದ್ಧ, ಬೆದರಿಕೆಗೆ ಒಳಗಾದವರೇ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆಯನ್ನೂ ನಷ್ಟಪರಿಹಾರವನ್ನೂ ಕೇಳಬಹುದು. ಬೆದರಿಕೆ ಹಾಕಿದವರು ತಾವಾಗಿ ಮೊಕದ್ದಮೆ ಹೂಡಿ ಶ್ರದ್ಧೆಯಿಂದ ನಡೆಸಿದರೆ ಮಾತ್ರ ಈ ಸೆಕ್ಷನ್ ಅವರಿಗೆ ತಟ್ಟುವುದಿಲ್ಲ. 40 ಲಕ್ಷದ ಪರವಾನಗಿಯ ಮಾತು ಬಂದಾಗ ಚಾನೆಲ್‌ನವರು ತೆರೆಯಬೇಕಾದ ಮೊದಲ ಪುಟ ಇದು.